ಚೋಕ್ ಕೇಬಲ್ ಏಕೆ ಹೊಗೆಯಾಡಿತು?
ಹಳೆಯ ಸ್ಪೋರ್ಟ್ಸ್ ಕಾರಿನ ದೋಷಪತ್ತೆಯಲ್ಲಿ ಓಮ್ ನಿಯಮ

ಎಂಜಿಬಿ ಎಂಬುದು ಇಂಗ್ಲೆಂಡಿನ ಒಂದು ಹಳೆಯ ಸ್ಪೋರ್ಟ್ಸ್ ಕಾರು. ಅದನ್ನು ಇಂದಿಗೂ ಮನೆಯ ಗ್ಯಾರೇಜಿನಲ್ಲಿ ಸ್ವತಃ ರಿಪೇರಿ ಮಾಡಿಕೊಳ್ಳುವ ಹವ್ಯಾಸಿಗಳು ಅಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಹಲವರಿಗೆ ಪರಿಚಿತವಾದ ಒಂದು ಸನ್ನಿವೇಶವನ್ನು ಗಮನಿಸಿ.

ಕಾರಿನ ಕ್ಲಚ್ ಸವೆದಿದೆ. ಈ ಕಾರಿನಲ್ಲಿ ಕ್ಲಚ್ ಬದಲಿಸಬೇಕಾದರೆ ಎಂಜಿನ್ನನ್ನೇ ಹೊರಗೆ ಎತ್ತಬೇಕು. ಎರಡು ದಿನ ಕಷ್ಟಪಟ್ಟು ಹವ್ಯಾಸಿ ಆ ಕೆಲಸ ಮುಗಿಸುತ್ತಾನೆ. ಎಂಜಿನ್ನನ್ನು ಮತ್ತೆ ಕೂರಿಸಿ, ಪೈಪುಗಳನ್ನೂ ತಂತಿಗಳನ್ನೂ ಜೋಡಿಸಿ, ಕೀಲಿ ತಿರುಗಿಸುತ್ತಾನೆ. ಎಂಜಿನ್ನು ಒಮ್ಮೆ ಅಲುಗಿದಂತೆ ಮಾಡಿ ನಿಂತುಬಿಡುತ್ತದೆ. ಬ್ಯಾಟರಿಯ ಶಕ್ತಿ ಸಾಲದೇನೋ ಎಂದು ಹೊಸ ಬ್ಯಾಟರಿ ತಂದು ಹಾಕಿ ಮತ್ತೆ ಕೀಲಿ ತಿರುಗಿಸುತ್ತಾನೆ. ಈ ಸಲ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತದೆ. ಬಾನೆಟ್ ಎತ್ತಿ ನೋಡಿದರೆ ಹೊಗೆ ಬರುತ್ತಿರುವುದು ಬ್ಯಾಟರಿಯಿಂದಲೂ ಅಲ್ಲ, ಸ್ಟಾರ್ಟರ್ ಮೋಟಾರಿನಿಂದಲೂ ಅಲ್ಲ. ಕಾರ್ಬ್ಯುರೇಟರಿಗೆ ಹೋಗುವ ಚೋಕ್ ಕೇಬಲ್ಲಿನಿಂದ!

ಚೋಕ್ ಕೇಬಲ್ ವಿದ್ಯುತ್ತಿನ ತಂತಿಯಲ್ಲ. ಚಾಲಕ ಗುಂಡಿಯನ್ನು ಎಳೆದಾಗ ಕಾರ್ಬ್ಯುರೇಟರಿನ ಒಂದು ಸನ್ನೆಯನ್ನು ಎಳೆಯುವುದಷ್ಟೆ ಅದರ ಕೆಲಸ. ಅದು ಏಕೆ ಬಿಸಿಯಾಯಿತು? ಹೊಸ ಬ್ಯಾಟರಿ ಹಾಕಿದ ಮೇಲೆ ಪರಿಸ್ಥಿತಿ ಏಕೆ ಇನ್ನೂ ಕೆಟ್ಟಿತು? ಈ ಎರಡು ಪ್ರಶ್ನೆಗಳಿಗೆ ಉತ್ತರ ನಮ್ಮ ಪ್ರೌಢಶಾಲೆಯ ಭೌತವಿಜ್ಞಾನದ ಪುಸ್ತಕದಲ್ಲೇ ಇದೆ.

ಕಾರಿನ ಪರಿಚಯ

ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು. ಒಟ್ಟು 5 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅದರ ಎಂಜಿನ್ನು 1798 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರಿನ 'ಬಿ ಸೀರೀಸ್' ಎಂಜಿನ್ನು. ಈ ಎಂಜಿನ್ನಿನ ಕುಟುಂಬ ನಮಗೆ ಅಪರಿಚಿತವೇನಲ್ಲ. ನಮ್ಮ ಅಂಬಾಸಡರ್ ಕಾರಿನಲ್ಲಿ ದಶಕಗಳ ಕಾಲ ಇದ್ದ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನೂ ಇದೇ ಬಿ ಸೀರೀಸಿನದು.

ಈ ಕಾರಿನಲ್ಲಿ ಕಂಪ್ಯೂಟರ್ ಇಲ್ಲ, ಇಂಧನವನ್ನು ಅಳೆದು ಚಿಮ್ಮಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಇಲ್ಲ. ಆದ್ದರಿಂದ ಮನೆಯಲ್ಲೇ ರಿಪೇರಿ ಮಾಡಲು ಅನುಕೂಲ. ಬಿಡಿಭಾಗಗಳೂ ಧಾರಾಳವಾಗಿ ಸಿಗುತ್ತವೆ. ಕಾರಿನ ಇಡೀ ಬಾಡಿಯನ್ನೇ 1988ರಿಂದ ಹೊಸದಾಗಿ ಅಚ್ಚೊತ್ತಿ ಮಾರತೊಡಗಿದರು. ಆದರೆ ಇದೇ ಅನುಕೂಲ ಒಂದು ಕೆಟ್ಟ ಅಭ್ಯಾಸಕ್ಕೂ ದಾರಿ ಮಾಡಿಕೊಟ್ಟಿದೆ. ಕಾರು ಕೆಟ್ಟಿತೆಂದರೆ ಮೊದಲು ಬ್ಯಾಟರಿ ಬದಲಿಸುವುದು, ಆಗದಿದ್ದರೆ ಸ್ಟಾರ್ಟರ್ ಮೋಟಾರು, ಆಮೇಲೆ ಸ್ವಿಚ್ಚು, ಆಮೇಲೆ ರಿಲೇ - ಹೀಗೆ ದೋಷ ಸಿಗುವವರೆಗೆ ಬಿಡಿಭಾಗಗಳನ್ನು ಬದಲಿಸುತ್ತ ಹೋಗುವುದು. ಇದು ದೋಷಪತ್ತೆಯಲ್ಲ, ಊಹೆ. ಊಹೆಗೆ ಖರ್ಚು ಹೆಚ್ಚು; ಪೆಟ್ರೋಲ್ ಇರುವ ಕಡೆ ಅಪಾಯವೂ ಹೆಚ್ಚು.

ನಕ್ಷೆಯಲ್ಲಿ ಕಾಣದ ಅರ್ಧ ಮಂಡಲ

ವಿದ್ಯುತ್ಪ್ರವಾಹ ಹರಿಯಬೇಕಾದರೆ ಮಂಡಲ ಪೂರ್ಣವಾಗಿರಬೇಕು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಬ್ಯಾಟರಿಯ ಒಂದು ಅಗ್ರದಿಂದ ಹೊರಟ ಪ್ರವಾಹ ಇನ್ನೊಂದು ಅಗ್ರಕ್ಕೆ ಮರಳಲೇಬೇಕು. ಮನೆಯ ದೀಪಕ್ಕೆ ಎರಡು ತಂತಿ ಹೋಗುತ್ತವೆ. ಕಾರಿನ ದೀಪಕ್ಕೆ ಸಾಮಾನ್ಯವಾಗಿ ಒಂದೇ ತಂತಿ. ಮರಳುವ ದಾರಿ ಕಾರಿನ ಉಕ್ಕಿನ ಬಾಡಿಯೇ. ಬ್ಯಾಟರಿಯ ಒಂದು ಅಗ್ರವನ್ನು ಬಾಡಿಗೆ ಜೋಡಿಸಿರುತ್ತಾರೆ. ಇದನ್ನೇ ಗ್ಯಾರೇಜಿನವರು 'ಅರ್ತಿಂಗ್' ಎನ್ನುತ್ತಾರೆ. ನೆಲಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾರು ರಬ್ಬರ್ ಟೈರುಗಳ ಮೇಲೆ ನಿಂತಿರುತ್ತದೆ.

ವೈರಿಂಗ್ ನಕ್ಷೆಯಲ್ಲಿ ಹೋಗುವ ದಾರಿಯನ್ನು ಬಣ್ಣಬಣ್ಣದ ತಂತಿಗಳಾಗಿ ವಿವರವಾಗಿ ಬರೆದಿರುತ್ತಾರೆ. ಮರಳುವ ದಾರಿಗೆ ಇರುವುದು ಒಂದು ಪುಟ್ಟ ಸಂಕೇತ ಮಾತ್ರ. ಹೀಗಾಗಿ ಮಂಡಲದ ಅರ್ಧ ಭಾಗ ನಮ್ಮ ಕಣ್ಣಿನಿಂದಲೂ ಮನಸ್ಸಿನಿಂದಲೂ ಮರೆಯಾಗುತ್ತದೆ. ಐವತ್ತು ವರ್ಷದ ಕಾರಿನಲ್ಲಿ ತುಕ್ಕು ಹಿಡಿಯುವುದು ಹೆಚ್ಚಾಗಿ ಈ ಮರೆಯಾದ ಅರ್ಧವೇ.

ಸ್ಟಾರ್ಟರ್ ಮೋಟಾರಿನ (ಗ್ಯಾರೇಜಿನ ಭಾಷೆಯಲ್ಲಿ 'ಸೆಲ್ಫ್') ವಿಷಯದಲ್ಲಿ ಇನ್ನೊಂದು ತೊಡಕಿದೆ. ಮೋಟಾರನ್ನು ಎಂಜಿನ್ನಿಗೆ ಬಿಗಿದಿರುತ್ತಾರೆ. ಎಂಜಿನ್ನಿನ ಅದುರಾಟ ಕಾರಿಗೆ ತಟ್ಟದಿರಲೆಂದು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ರಬ್ಬರ್ ಮೆತ್ತೆಗಳ ಮೇಲೆ ಕೂರಿಸಿರುತ್ತಾರೆ. ರಬ್ಬರ್ ಅವಾಹಕ. ಆದ್ದರಿಂದ ಎಂಜಿನ್ನಿಗೂ ಬಾಡಿಗೂ ನಡುವೆ ಪ್ರವಾಹ ಹರಿಯಲು ಪ್ರತ್ಯೇಕವಾಗಿ ಒಂದು ದಪ್ಪನೆಯ ತಾಮ್ರದ ಪಟ್ಟಿಯನ್ನು ಜೋಡಿಸಿರುತ್ತಾರೆ. ಎಂಜಿನ್ ಇಳಿಸುವಾಗ ಇದನ್ನು ಬಿಚ್ಚಲೇಬೇಕು. ಮತ್ತೆ ಕೂರಿಸುವಾಗ ಮರೆತುಹೋಗುವುದೂ ಇದೇ, ಏಕೆಂದರೆ ಅದಿಲ್ಲದೆಯೂ ಎಂಜಿನ್ನು ನೋಡಲು ಪೂರ್ಣವಾಗಿಯೇ ಕಾಣುತ್ತದೆ.

ಪಟ್ಟಿ ಇಲ್ಲದಿದ್ದಾಗ ಎಂಜಿನ್ನಿನಿಂದ ಬಾಡಿಗೆ ಹೋಗಲು ಪ್ರವಾಹಕ್ಕೆ ಬೇರೆ ಯಾವ ಲೋಹದ ದಾರಿ ಇದೆ? ಕಾರ್ಬ್ಯುರೇಟರ್ ಎಂಜಿನ್ನಿನ ಮೇಲಿದೆ, ಚೋಕ್ ಗುಂಡಿ ಬಾಡಿಯಲ್ಲಿದೆ. ಎರಡನ್ನೂ ಕೂಡಿಸಿರುವುದು ಉಕ್ಕಿನ ಚೋಕ್ ಕೇಬಲ್. ಆಕ್ಸಿಲರೇಟರ್ ಕೇಬಲ್, ಸ್ಪೀಡೋಮೀಟರ್ ಕೇಬಲ್‌ಗಳೂ ಇಂಥ ಅಡ್ಡದಾರಿಗಳೇ.

ಲೆಕ್ಕ ಹಾಕಿ ನೋಡೋಣ

ಚೋಕ್ ಕೇಬಲ್ಲಿನ ಒಳಗಿನ ಉಕ್ಕಿನ ತಂತಿ 1 ಮೀಟರ್ ಉದ್ದ, 2 ಚದರ ಮಿಲಿಮೀಟರ್ ಅಡ್ಡಕೊಯ್ತದ್ದು ಎಂದಿಟ್ಟುಕೊಳ್ಳೋಣ. ಉಕ್ಕಿನ ರೋಧಶೀಲತೆ ಸುಮಾರು 1.6 × 10⁻⁷ ಓಮ್-ಮೀಟರ್. ಉದ್ದದಿಂದ ಗುಣಿಸಿ ಅಡ್ಡಕೊಯ್ತದಿಂದ ಭಾಗಿಸಿದರೆ ಕೇಬಲ್ಲಿನ ರೋಧ 0.08 ಓಮ್ ಬರುತ್ತದೆ. ತಿರುಗದೆ ನಿಂತಿರುವ ಸ್ಟಾರ್ಟರ್ ಮೋಟಾರಿನ ರೋಧ 0.03 ಓಮ್ ಎಂದೂ, ಬ್ಯಾಟರಿಯ ಆಂತರಿಕ ರೋಧ ಮತ್ತು ಉಳಿದ ಕೇಬಲ್‌ಗಳ ರೋಧ ಸೇರಿ 0.015 ಓಮ್ ಎಂದೂ ಇಟ್ಟುಕೊಳ್ಳೋಣ. ಇವೆಲ್ಲ ಸರಣಿ ಜೋಡಣೆಯಲ್ಲಿರುವುದರಿಂದ ಒಟ್ಟು ರೋಧ 0.125 ಓಮ್. ಬ್ಯಾಟರಿ 12 ವೋಲ್ಟ್ ಆದ್ದರಿಂದ ಪ್ರವಾಹ 12 ÷ 0.125, ಅಂದರೆ 96 ಆಂಪಿಯರ್.

ಮೋಟಾರಿಗೆ ಸಿಗುವುದು 96 × 0.03, ಅಂದರೆ ಸುಮಾರು 2.9 ವೋಲ್ಟ್ ಮಾತ್ರ. ಎಂಜಿನ್ನು ಏಕೆ ತಿರುಗಲಿಲ್ಲ ಎಂಬುದಕ್ಕೆ ಇದು ಉತ್ತರ. ಚೋಕ್ ಕೇಬಲ್ಲಿಗೆ ಅಡ್ಡಲಾಗಿ 96 × 0.08, ಅಂದರೆ ಸುಮಾರು 7.7 ವೋಲ್ಟ್ ಕುಸಿಯುತ್ತದೆ. ಅಲ್ಲಿ ಹುಟ್ಟುವ ಉಷ್ಣದ ದರ 96 × 7.7, ಅಂದರೆ ಸುಮಾರು 740 ವಾಟ್. ಇದು ಮನೆಯ ಇಸ್ತ್ರಿಪೆಟ್ಟಿಗೆಯಷ್ಟು ಸಾಮರ್ಥ್ಯ!

ಆದರೆ ಇಸ್ತ್ರಿಪೆಟ್ಟಿಗೆ ಒಂದು ಕಿಲೋಗ್ರಾಂ ತೂಗೀತು. ನಮ್ಮ ತಂತಿಯ ಗಾತ್ರ 2 ಘನ ಸೆಂಟಿಮೀಟರ್, ತೂಕ ಸುಮಾರು 16 ಗ್ರಾಂ. ಉಕ್ಕಿನ ವಿಶಿಷ್ಟೋಷ್ಣ ಗ್ರಾಮಿಗೆ 0.46 ಜೂಲ್. ಆದ್ದರಿಂದ ತಂತಿಯ ತಾಪ ಒಂದು ಡಿಗ್ರಿ ಏರಲು ಸುಮಾರು 7.2 ಜೂಲ್ ಸಾಕು. ಸೆಕೆಂಡಿಗೆ 740 ಜೂಲ್ ಸುರಿದರೆ ತಾಪ ಸೆಕೆಂಡಿಗೆ ಸುಮಾರು 100 ಡಿಗ್ರಿ ಏರುತ್ತದೆ. ಹೊರಕ್ಕೆ ಸೋರುವ ಉಷ್ಣವನ್ನೂ, ಕೇಬಲ್ಲಿನ ಹೊರಗವಸು ಹೊರುವ ಪ್ರವಾಹವನ್ನೂ ನಾವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ನಿಜ. ಅವನ್ನು ಸೇರಿಸಿದರೂ ಮೂರು ನಾಲ್ಕು ಸೆಕೆಂಡು ಕೀಲಿ ಹಿಡಿದರೆ ಪ್ಲಾಸ್ಟಿಕ್ ಕರಗಲು ಬೇಕಾದಷ್ಟು ಶಾಖ ಹುಟ್ಟುತ್ತದೆ. ಕೇಬಲ್ಲಿನ ಇನ್ನೊಂದು ತುದಿ ಇರುವುದು ಪೆಟ್ರೋಲ್ ತುಂಬಿದ ಕಾರ್ಬ್ಯುರೇಟರಿನಲ್ಲಿ. ಸಡಿಲವಾದ ಆ ತುದಿಯಲ್ಲಿ ಒಂದು ಕಿಡಿ ಹಾರಿದರೂ ಅನಾಹುತವಾದೀತು.

ಎರಡನೆಯ ಪ್ರಶ್ನೆಗೂ ಈಗ ಉತ್ತರ ಸಿಕ್ಕಿತು. ಹಳೆಯ ಬ್ಯಾಟರಿಯ ಆಂತರಿಕ ರೋಧ ಹೆಚ್ಚು. ಅದು ಪ್ರವಾಹವನ್ನು ತಡೆದು ಕೇಬಲ್ಲನ್ನು ಕಾಪಾಡಿತ್ತು. ಹೊಸ ಬ್ಯಾಟರಿಯ ಆಂತರಿಕ ರೋಧ ಕಡಿಮೆ, ಪ್ರವಾಹ ಹೆಚ್ಚು. ಉಷ್ಣವಾದರೋ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ಚೆನ್ನಾಗಿರುವ ಭಾಗವನ್ನು ಇನ್ನೂ ಚೆನ್ನಾಗಿ ಮಾಡಿದ್ದರಿಂದ ದೋಷವಿರುವ ಭಾಗ ಸುಟ್ಟಿತು.

ಓಮ್‌ಮಾಪಕ ಮೋಸ ಮಾಡುವುದೇಕೆ?

ಪಟ್ಟಿ ಪೂರ್ತಿ ಮರೆತುಹೋದ ಪ್ರಸಂಗ ಇದು. ಹೆಚ್ಚು ಸಾಮಾನ್ಯವಾದದ್ದು ಪಟ್ಟಿ ಇದ್ದೂ ಅದರ ಬೋಲ್ಟಿನ ಕೆಳಗೆ ತುಕ್ಕೋ ಬಣ್ಣವೋ ಕಿಲುಬೋ ಸೇರಿಕೊಂಡಿರುವುದು. ಇಲ್ಲಿ ಹವ್ಯಾಸಿಗಳು ಮಲ್ಟಿಮೀಟರನ್ನು ಓಮ್ ಅಳತೆಗೆ ತಿರುಗಿಸಿ ಎರಡು ತುದಿ ಮುಟ್ಟಿಸುತ್ತಾರೆ. ಮೀಟರ್ 0.3 ಓಮ್ ತೋರಿಸುತ್ತದೆ, ಅಥವಾ 'ಬೀಪ್' ಎನ್ನುತ್ತದೆ. 'ಸಂಪರ್ಕ ಸರಿಯಾಗಿದೆ' ಎಂದು ಮುಂದೆ ಹೋಗುತ್ತಾರೆ.

ಆ 0.3 ಓಮ್ ಹೆಚ್ಚುಕಡಿಮೆ ಮೀಟರಿನ ಎರಡು ತಂತಿಗಳದ್ದೇ ರೋಧ. ಆದರೆ ನಾವು ಹುಡುಕುತ್ತಿರುವ ದೋಷ 0.02 ಓಮ್‌ನಷ್ಟು ಸಣ್ಣದು. ಸಾಮಾನ್ಯ ಮೀಟರಿಗೆ ಅದು ಕಾಣುವುದೇ ಇಲ್ಲ. ಎಂಜಿನ್ನನ್ನು ತಿರುಗಿಸುವಾಗ ಹರಿಯುವ ಪ್ರವಾಹ 150 ಆಂಪಿಯರ್ ಎಂದುಕೊಂಡರೆ, ಈ 0.02 ಓಮ್ 3 ವೋಲ್ಟನ್ನು ನುಂಗಿಬಿಡುತ್ತದೆ. ಆ ಬೋಲ್ಟಿನಲ್ಲಿ 450 ವಾಟ್ ಉಷ್ಣ ಹುಟ್ಟುತ್ತದೆ. ಇದಕ್ಕೆ ಹೋಲಿಸಿದರೆ 25 ಚದರ ಮಿಲಿಮೀಟರಿನ, ಎರಡೂವರೆ ಮೀಟರ್ ಉದ್ದದ ಒಳ್ಳೆಯ ತಾಮ್ರದ ಕೇಬಲ್ಲಿನ ರೋಧ 0.0017 ಓಮ್ ಮಾತ್ರ. ಅದರಲ್ಲಿ ಕುಸಿಯುವುದು ಕಾಲು ವೋಲ್ಟ್.

ಇನ್ನು ಕೆಲವರು ಕೀಲಿ ತಿರುಗಿಸದೆಯೇ ವೋಲ್ಟೇಜ್ ಅಳೆಯುತ್ತಾರೆ. ಪ್ರವಾಹವೇ ಇಲ್ಲದಾಗ ಯಾವ ರೋಧದಲ್ಲೂ ವೋಲ್ಟೇಜ್ ಕುಸಿಯುವುದಿಲ್ಲ. ತುಕ್ಕು ಹಿಡಿದ ಸಂಪರ್ಕದ ಆಚೆಯೂ 12.6 ವೋಲ್ಟ್ ಇದ್ದೇ ಇರುತ್ತದೆ. ಇದರಿಂದ ಒಂದು ಸರಳ ನಿಯಮ ಸಿಗುತ್ತದೆ: ಮಂಡಲ ಕೆಲಸ ಮಾಡುತ್ತಿರುವಾಗಲೇ ಅದನ್ನು ಅಳೆಯಬೇಕು, ರೋಧವನ್ನಲ್ಲ, ವೋಲ್ಟೇಜ್ ಕುಸಿತವನ್ನು ಅಳೆಯಬೇಕು. ಹಾಗೆ ಅಳೆದಾಗ ಹರಿಯುವ ದೊಡ್ಡ ಪ್ರವಾಹವೇ ಸಣ್ಣ ರೋಧವನ್ನು ನಮಗೆ ಹಿಗ್ಗಿಸಿ ತೋರಿಸುತ್ತದೆ.

ಮೂರು ಅಳತೆಗಳು

ಮೊದಲು ಎಂಜಿನ್ನು ಹೊತ್ತಿಕೊಳ್ಳದಂತೆ ಇಗ್ನಿಷನ್ ಕಾಯಿಲ್‌ಗೆ ಬರುವ ತಂತಿಯನ್ನು ಬಿಚ್ಚಿಡಬೇಕು. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಇನ್ನೊಬ್ಬರು ನಾಲ್ಕೈದು ಸೆಕೆಂಡು ಕೀಲಿ ತಿರುಗಿಸುವಾಗ ವೋಲ್ಟ್‌ಮಾಪಕದಿಂದ ಒಂದೊಂದಾಗಿ ಅಳೆಯಬೇಕು. ಹೊಗೆಯೋ ವಾಸನೆಯೋ ಕಂಡರೆ ತಕ್ಷಣ ಕೀಲಿ ಬಿಡಬೇಕು.

1. ಬ್ಯಾಟರಿಯ ಎರಡು ಅಗ್ರಗಳ ನಡುವೆ. ಸುಮಾರು 10 ವೋಲ್ಟಿಗಿಂತ ಬಹಳ ಕೆಳಗಿಳಿದರೆ ಬ್ಯಾಟರಿಯನ್ನೇ ಮೊದಲು ಪರೀಕ್ಷಿಸಬೇಕು.

2. ಬಾಡಿಗೆ ಜೋಡಿಸದ ಅಗ್ರಕ್ಕೂ ಸ್ಟಾರ್ಟರ್ ಮೋಟಾರಿನ ದಪ್ಪ ಬೋಲ್ಟಿಗೂ ನಡುವೆ. ಇದು ಹೋಗುವ ದಾರಿ. ಅರ್ಧ ವೋಲ್ಟಿಗಿಂತ ಹೆಚ್ಚು ಇರಬಾರದು.

3. ಎಂಜಿನ್ನಿನ ಹೊಳೆಯುವ ಲೋಹಕ್ಕೂ ಬ್ಯಾಟರಿಯ ಇನ್ನೊಂದು ಅಗ್ರಕ್ಕೂ ನಡುವೆ. ಇದು ಮರಳುವ ದಾರಿ. ಇದೂ ಅರ್ಧ ವೋಲ್ಟಿನೊಳಗಿರಬೇಕು.

ಮೀಟರಿನ ಮೊನೆಯನ್ನು ಬ್ಯಾಟರಿಯ ಸೀಸದ ಕಂಬಕ್ಕೇ ಮುಟ್ಟಿಸಬೇಕು, ಅದಕ್ಕೆ ಬಿಗಿದ ಕ್ಲಾಂಪಿಗಲ್ಲ. ಏಕೆಂದರೆ ಕಂಬಕ್ಕೂ ಕ್ಲಾಂಪಿಗೂ ನಡುವಿನ ಕಿಲುಬೇ ದೋಷವಾಗಿರಬಹುದು. 1970ರ ದಶಕದ ಮಧ್ಯದವರೆಗಿನ ಎಂಜಿಬಿಗಳಲ್ಲಿ ಸೀಟುಗಳ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸುತ್ತಿದ್ದರು. ಅಲ್ಲಿ ಇಂಥ ಸಂಪರ್ಕಗಳೂ ಎರಡರಷ್ಟು.

ನಮ್ಮ ಹವ್ಯಾಸಿ ಮೂರನೆಯ ಅಳತೆಯನ್ನು ಮಾಡಿದ್ದರೆ ಮೀಟರ್ ಒಮ್ಮೆಲೇ 7 - 8 ವೋಲ್ಟ್ ತೋರಿಸುತ್ತಿತ್ತು. ಬ್ಯಾಟರಿಯೂ ಸರಿ, ಮೋಟಾರೂ ಸರಿ, ಮರಳುವ ದಾರಿಯೇ ಕೆಟ್ಟಿದೆ ಎಂಬುದು ಒಂದೇ ಅಳತೆಯಲ್ಲಿ ಖಚಿತವಾಗುತ್ತಿತ್ತು. ಖಾತ್ರಿಗಾಗಿ ಒಂದು ದಪ್ಪ ಜಂಪರ್ ಕೇಬಲ್ಲಿನಿಂದ ಎಂಜಿನ್ನನ್ನೂ ಬಾಡಿಯನ್ನೂ ತಾತ್ಕಾಲಿಕವಾಗಿ ಕೂಡಿಸಿ ಕೀಲಿ ತಿರುಗಿಸಬಹುದು. ಎಂಜಿನ್ನು ಸರಾಗವಾಗಿ ತಿರುಗಿದರೆ ಪತ್ತೆ ಮುಗಿಯಿತು.

ಅದೇ ನಿಯಮ, ಬೇರೆ ದೋಷಗಳು

ಮಂದ ಹೆಡ್‌ಲೈಟ್: ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ಣ ಪ್ರವಾಹ ಸ್ವಿಚ್ಚಿನ ಮೂಲಕವೇ ಹಾದುಹೋಗುತ್ತದೆ. ತಂತುದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಪಾತದಲ್ಲಿರುತ್ತದೆ. 12ರ ಬದಲು 10 ವೋಲ್ಟ್ ಸಿಕ್ಕಿದರೆ ಬೆಳಕು ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ. ಹೆಚ್ಚು ವಾಟಿನ ಬಲ್ಬ್ ಹಾಕಿದರೆ ಪ್ರವಾಹ ಹೆಚ್ಚಿ ಕುಸಿತವೂ ಹೆಚ್ಚುತ್ತದೆ, ಸ್ವಿಚ್ಚು ಬಿಸಿಯಾಗುತ್ತದೆ.

ಬ್ರೇಕ್ ಒತ್ತಿದರೆ ಡ್ಯಾಷ್‌ಬೋರ್ಡಿನ ದೀಪ ಮಿನುಗುವುದು: ಹಿಂದಿನ ದೀಪದ ಗೂಡಿನ ಅರ್ತಿಂಗ್ ತುಕ್ಕು ಹಿಡಿದಾಗ ಹೀಗಾಗುತ್ತದೆ. ಬ್ರೇಕ್ ದೀಪದ ಮೂಲಕ ಬಂದ ಪ್ರವಾಹಕ್ಕೆ ಬಾಡಿಗೆ ಹೋಗುವ ದಾರಿ ಇಲ್ಲ. ಅದು ಅದೇ ಗೂಡಿನಲ್ಲಿರುವ ಟೈಲ್ ದೀಪದ ತಂತುವಿನಲ್ಲಿ ಹಿಮ್ಮುಖವಾಗಿ ಹರಿದು, ಆ ತಂತಿಗೆ ಸಮಾಂತರವಾಗಿ ಜೋಡಿಸಿರುವ ಡ್ಯಾಷ್‌ಬೋರ್ಡ್ ದೀಪಗಳ ಮೂಲಕ ಬಾಡಿ ಸೇರುತ್ತದೆ. ಕಿರ್ಕಾಫ್ ನಿಯಮಗಳಿಗೆ ಇದು ಒಳ್ಳೆಯ ಅಭ್ಯಾಸದ ಲೆಕ್ಕ.

ಟಿಕ್ ಎನ್ನದ ಪೆಟ್ರೋಲ್ ಪಂಪು: ಎಂಜಿಬಿಯ ವಿದ್ಯುತ್ ಪಂಪು ಕಾರಿನ ಹಿಂಭಾಗದಲ್ಲಿದ್ದು, ಕೀಲಿ ಹಾಕಿದೊಡನೆ ಟಿಕ್ ಟಿಕ್ ಎನ್ನುತ್ತದೆ. ಸದ್ದಿಲ್ಲದಿದ್ದರೆ ಪಂಪನ್ನು ಕೊಳ್ಳುವ ಮೊದಲು ಅದಕ್ಕೆ ಬರುವ ತಂತಿಯಲ್ಲಿ 12 ವೋಲ್ಟ್ ಇದೆಯೇ ನೋಡಬೇಕು. ಇದ್ದರೆ, ಪಂಪಿನ ಲೋಹದ ಮೈಗೂ ಕಾರಿನ ಬಾಡಿಗೂ ನಡುವೆ ಅಳೆಯಬೇಕು. ಅಲ್ಲಿ 12 ವೋಲ್ಟಿನ ಹತ್ತಿರ ಬಂದರೆ ಪಂಪಿನ ಅರ್ತಿಂಗ್ ಹೋಗಿದೆ. ಸೊನ್ನೆ ಬಂದರೆ ದೋಷ ಪಂಪಿನೊಳಗಿದೆ.

ಟ್ಯಾಂಕು ಸದಾ ತುಂಬಿದಂತೆ ತೋರಿಸುವ ಸೂಚಕ: ಇಂಥ ಸೂಚಕಗಳಿಗೆ ಸ್ಥಿರವಾದ 10 ವೋಲ್ಟ್ ಕೊಡಲು ದ್ವಿಲೋಹ ಪಟ್ಟಿಯ ಒಂದು ಸಾಧನವಿರುತ್ತದೆ. ಪಟ್ಟಿಗೆ ಸುತ್ತಿದ ತಂತಿ ಬಿಸಿಯಾದಾಗ ಪಟ್ಟಿ ಬಾಗಿ ಸಂಪರ್ಕ ಬಿಡಿಸುತ್ತದೆ, ಆರಿದಾಗ ಕೂಡಿಸುತ್ತದೆ. ಬಿಟ್ಟು ಬಿಟ್ಟು ಸಿಗುವ 12 ವೋಲ್ಟಿನ ಸರಾಸರಿ 10 ಆಗುತ್ತದೆ. ಸಾಧನದ ಅರ್ತಿಂಗ್ ಕೆಟ್ಟರೆ ತಂತಿ ಬಿಸಿಯಾಗುವುದೇ ಇಲ್ಲ. ಸಂಪರ್ಕ ಬಿಡುವುದೂ ಇಲ್ಲ. ಸೂಚಕಕ್ಕೆ ಬ್ಯಾಟರಿಯ ಪೂರ್ಣ ವೋಲ್ಟೇಜ್ ಸಿಕ್ಕಿ ಅದು ಇದ್ದದ್ದಕ್ಕಿಂತ ಹೆಚ್ಚು ಪೆಟ್ರೋಲ್ ತೋರಿಸುತ್ತದೆ. ನಂಬಿದವನು ದಾರಿಯಲ್ಲಿ ನಿಲ್ಲುತ್ತಾನೆ.

ಧನವೋ ಋಣವೋ?

1967ರವರೆಗಿನ ಎಂಜಿಬಿಗಳಲ್ಲಿ ಬಾಡಿಗೆ ಜೋಡಿಸುತ್ತಿದ್ದದ್ದು ಬ್ಯಾಟರಿಯ ಧನಾಗ್ರವನ್ನು. ಅನಂತರದವುಗಳಲ್ಲಿ ಋಣಾಗ್ರ. ಬಲ್ಬಿಗೆ ಯಾವ ದಿಕ್ಕಾದರೂ ಒಂದೇ. ಆದರೆ ಆಲ್ಟರ್ನೇಟರ್, ರೇಡಿಯೋ ಮುಂತಾದ ಅರೆವಾಹಕಗಳಿರುವ ಸಾಧನಗಳು ತಪ್ಪು ದಿಕ್ಕಿನಲ್ಲಿ ಜೋಡಿಸಿದರೆ ಕ್ಷಣದಲ್ಲಿ ಹಾಳಾಗುತ್ತವೆ. ಹಿಂದಿನ ಮಾಲೀಕರು ಜೋಡಣೆಯನ್ನು ಬದಲಾಯಿಸಿರಬಹುದು. ಆದ್ದರಿಂದ ಕಾರಿನ ವರ್ಷವನ್ನು ನಂಬದೆ ಮೀಟರಿನಿಂದ ಅಳೆದೇ ತಿಳಿಯಬೇಕು.

ಜೋಡಣೆ ಬದಲಿಸಿದಾಗ ಇಗ್ನಿಷನ್ ಕಾಯಿಲಿನ ಎರಡು ಸಣ್ಣ ತಂತಿಗಳನ್ನೂ ಅದಲು ಬದಲು ಮಾಡಬೇಕು. ಸ್ಪಾರ್ಕ್ ಪ್ಲಗ್ಗಿನ ನಡುವಿನ ಕಡ್ಡಿ ಹೊರ ಕಡ್ಡಿಗಿಂತ ಬಿಸಿಯಾಗಿರುತ್ತದೆ. ಬಿಸಿಯಾದ ಲೋಹದಿಂದ ಎಲೆಕ್ಟ್ರಾನುಗಳು ಸುಲಭವಾಗಿ ಹೊರಬರುತ್ತವೆ. ಆದ್ದರಿಂದ ನಡುವಿನ ಕಡ್ಡಿ ಋಣವಾಗಿದ್ದರೆ ಕಡಿಮೆ ವೋಲ್ಟೇಜಿನಲ್ಲೇ ಕಿಡಿ ಹಾರುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಈ ವಿಷಯವನ್ನು ಕಲಿಸಲು ಸ್ಪೋರ್ಟ್ಸ್ ಕಾರು ಬೇಕಿಲ್ಲ. ಸ್ಕೂಟರಿನ 12 ವೋಲ್ಟ್ ಬ್ಯಾಟರಿ, 21 ವಾಟಿನ ಬಲ್ಬ್, 5 ಆಂಪಿಯರ್ ಫ್ಯೂಸ್, ಮಲ್ಟಿಮೀಟರ್ ಇದ್ದರೆ ಸಾಕು. ಎಳೆಗಳಿರುವ ತಾಮ್ರದ ತಂತಿಯಿಂದ 0.2 ಮಿಲಿಮೀಟರ್ ವ್ಯಾಸದ ಒಂದೇ ಎಳೆಯನ್ನು ತೆಗೆದು, ಅದರ 10 ಸೆಂಟಿಮೀಟರ್ ಉದ್ದವನ್ನು ಬಲ್ಬಿನಿಂದ ಬ್ಯಾಟರಿಗೆ ಮರಳುವ ದಾರಿಯಲ್ಲಿ ಸೇರಿಸಿ. ಬಲ್ಬ್ ಮೊದಲಿನಷ್ಟೇ ಪ್ರಕಾಶವಾಗಿ ಉರಿಯುತ್ತದೆ. ಎಳೆಯ ಎರಡು ತುದಿಗಳ ನಡುವೆ ಮಿಲಿವೋಲ್ಟ್ ಅಳತೆಯಲ್ಲಿ ನೋಡಿ: ಸುಮಾರು 95 ಮಿಲಿವೋಲ್ಟ್ ಇರುತ್ತದೆ. ಹರಿಯುವ ಪ್ರವಾಹ 1.75 ಆಂಪಿಯರ್ ಆದ್ದರಿಂದ ಎಳೆಯ ರೋಧ 0.054 ಓಮ್. ಇದನ್ನು ಓಮ್ ಅಳತೆಯಲ್ಲಿ ನೇರವಾಗಿ ನೋಡಲು ಪ್ರಯತ್ನಿಸಿ ಹೋಲಿಸಿ.

ಈಗ ವಿದ್ಯಾರ್ಥಿಗಳನ್ನು ಕೇಳಿ: ಇದೇ ಎಳೆಯ ಮೂಲಕ 150 ಆಂಪಿಯರ್ ಹರಿಸಬೇಕಾದರೆ ಎಷ್ಟು ವೋಲ್ಟ್ ಬೇಕು? ಉತ್ತರ 8 ವೋಲ್ಟಿಗೂ ಹೆಚ್ಚು. ಅದಕ್ಕೆ ಮೊದಲೇ ಎಳೆ ಕರಗಿಹೋಗುತ್ತದೆ. ದೀಪಕ್ಕೆ ಸಾಕಾಗುವ ಸಂಪರ್ಕ ಸ್ಟಾರ್ಟರಿಗೆ ಸಾಲದು ಎಂಬುದು ಇದರಿಂದ ಮನದಟ್ಟಾಗುತ್ತದೆ. 'ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿದೆ, ಆದ್ದರಿಂದ ಸಂಪರ್ಕಗಳೆಲ್ಲ ಸರಿ' ಎಂಬ ವಾದದ ತಪ್ಪೂ ತಿಳಿಯುತ್ತದೆ. ತುಕ್ಕು ಹಿಡಿದ ಬೋಲ್ಟನ್ನು ದಾರಿಯಲ್ಲಿ ಸೇರಿಸಿ ಅಳೆದು, ಅದನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಅಳೆಯುವುದು ಇನ್ನೊಂದು ಒಳ್ಳೆಯ ಪ್ರಯೋಗ.

ಕೆಲವು ಎಚ್ಚರಿಕೆಗಳು

ಬ್ಯಾಟರಿ ಬಿಚ್ಚುವಾಗ ಬಾಡಿಗೆ ಜೋಡಿಸಿದ ಅಗ್ರವನ್ನು ಮೊದಲು ಬಿಚ್ಚಿ. ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಿ. ಆಗ ಸ್ಪ್ಯಾನರ್ ಅಕಸ್ಮಾತ್ ಬಾಡಿಗೆ ತಗುಲಿದರೂ ಮಂಡಲ ಪೂರ್ಣವಾಗುವುದಿಲ್ಲ. ಬೆರಳಿನ ಉಂಗುರ, ಕೈಗಡಿಯಾರ ತೆಗೆದಿಡಿ. ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೊಜನ್ ಬಿಡುಗಡೆಯಾಗುವುದರಿಂದ ಹತ್ತಿರ ಕಿಡಿ ಕೂಡದು. ಪೆಟ್ರೋಲ್ ಸೋರುತ್ತಿದ್ದರೆ ವಿದ್ಯುತ್ತಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ.

ಇವಕ್ಕಿಂತ ಮುಖ್ಯವಾದದ್ದು ಪ್ರಯೋಗಾಲಯದ ಶಿಸ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪ್ರತಿ ಅಳತೆಯನ್ನೂ ಬರೆದಿಡಿ. ರಿಪೇರಿಯ ಬೆನ್ನಲ್ಲೇ ಹೊಸ ದೋಷ ಕಂಡರೆ ಕೊನೆಗೆ ಕೈ ಹಾಕಿದ ಜಾಗವನ್ನೇ ಮೊದಲು ನೋಡಿ. ನಮ್ಮ ಹವ್ಯಾಸಿಯ ಕಾರು ಕ್ಲಚ್ ಬದಲಿಸುವ ಮುನ್ನ ಪ್ರತಿ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿತ್ತು. ಎರಡೇ ದಿನದಲ್ಲಿ ಬ್ಯಾಟರಿ ಕೆಡುವ ಸಂಭವ ಕಡಿಮೆ. ಬಿಚ್ಚಿದ್ದೇನನ್ನೋ ಮತ್ತೆ ಜೋಡಿಸದಿರುವ ಸಂಭವ ಹೆಚ್ಚು. ಗ್ಯಾರೇಜಿನ ನೆಲವನ್ನು ಒಮ್ಮೆ ಹುಡುಕಿದ್ದರೆ, ಹೊಸ ಬ್ಯಾಟರಿಗೆ ಹಣ ಕೊಡುವ ಮೊದಲೇ, ತಾಮ್ರದ ಆ ಪಟ್ಟಿ ಅವನ ಕೈಗೆ ಸಿಗುತ್ತಿತ್ತು.